ಫಾರ್ಮಲ್ ನೈಟ್ ಮತ್ತು ಮರುದಿನದ ಬೆಳಗು: ಕ್ರೂಸ್ ಹಡಗಿನ ಊಟದ ಹಾಲಿನಲ್ಲಿ ನನ್ನ ಅನುಭವ

ಕುಂದಾಪುರದ ನಮ್ಮ ಕಡೆ ‘ಅವನು ಶಿಪ್ಪಿಗೆ ಹೋಗಿದ್ದಾನೆ’ ಎಂದ ಕೂಡಲೇ ‘ಕಾರ್ಗೋವಾ, ಪ್ಯಾಸೆಂಜರಾ?’ ಎಂದು ಕೇಳುತ್ತಾರೆ. ನಾನು ಹೋದದ್ದು ಪ್ಯಾಸೆಂಜರ್ ಶಿಪ್ಪಿಗೆ. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ, 2006ರಲ್ಲಿ ಅಮೆರಿಕದ ಮಯಾಮಿ ಬಂದರಿನಲ್ಲಿ ಹಡಗು ಹತ್ತಿದೆ. ಮೊದಲು ಅಸಿಸ್ಟೆಂಟ್ ವೇಟರ್, ಆಮೇಲೆ ವೇಟರ್, 2014ರಿಂದ 2022ರವರೆಗೆ ಹೆಡ್ ವೇಟರ್. ನಡುವೆ ಕೊರೊನಾ ಕಾಲದ ಬಿಡುವನ್ನು ಬಿಟ್ಟರೆ ಅಷ್ಟೂ ವರ್ಷ ಊಟದ ಹಾಲೇ ನನ್ನ ಲೋಕವಾಗಿತ್ತು. ಅಲ್ಲಿ ಪ್ರಯಾಣಿಕರ ಉಡುಪಿನ ನಿಯಮವನ್ನು ಪಾಲಿಸುವಂತೆ ನೋಡಿಕೊಳ್ಳುವುದು, ಮತ್ತು ನನ್ನ ಕೈಕೆಳಗಿನ ಹುಡುಗರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಎರಡು ಬೇರೆ ಬೇರೆ ಕೆಲಸಗಳೆಂದು ಬಹಳ ಕಾಲ ಭಾವಿಸಿದ್ದೆ. ಅವೆರಡೂ ಒಂದೇ ಕೆಲಸವೆಂದು ನನಗೆ ಅರ್ಥವಾದದ್ದು ತಡವಾಗಿ.

ಹಡಗಿನ ಪ್ರಯಾಣ ಮಾಡದವರಿಗೆ ಮೊದಲು ನಿಯಮವನ್ನು ಹೇಳಬೇಕು. ನಮ್ಮ ಹಡಗಿನ ಮುಖ್ಯ ಊಟದ ಹಾಲಿನಲ್ಲಿ ಸಾಮಾನ್ಯ ರಾತ್ರಿಗಳಲ್ಲಿ ಕಾಲರ್ ಇರುವ ಅಂಗಿ ಮತ್ತು ಪೂರ್ಣ ಪ್ಯಾಂಟ್ ಸಾಕಿತ್ತು. ಚಡ್ಡಿ, ತೋಳಿಲ್ಲದ ಬನಿಯನ್, ಈಜುಡುಗೆ, ರಬ್ಬರ್ ಚಪ್ಪಲಿಗೆ ಅವಕಾಶವಿರಲಿಲ್ಲ. ಏಳು ರಾತ್ರಿಗಳ ಪ್ರಯಾಣದಲ್ಲಿ ಎರಡು ರಾತ್ರಿ ಮಾತ್ರ ‘ಫಾರ್ಮಲ್ ನೈಟ್’: ಗಂಡಸರು ಸೂಟು, ಟೈ ಅಥವಾ ಟಕ್ಸಿಡೊದಲ್ಲಿ, ಹೆಂಗಸರು ಉದ್ದನೆಯ ಗೌನಿನಲ್ಲಿ ಬರುತ್ತಿದ್ದರು. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಎಂದೂ ಫಾರ್ಮಲ್ ಆಗಿರುವುದಿಲ್ಲ. ಅಟ್ಲಾಂಟಿಕ್ ದಾಟುತ್ತಿದ್ದ ಹಳೆಯ ಹಡಗುಗಳಲ್ಲಿ ಮೊದಲ ರಾತ್ರಿ ಪೆಟ್ಟಿಗೆ ಬಿಚ್ಚಿರುತ್ತಿರಲಿಲ್ಲ, ಕೊನೆಯ ರಾತ್ರಿ ಕಟ್ಟಿಯಾಗಿರುತ್ತಿತ್ತು. ಆ ಪದ್ಧತಿಯೇ ಉಳಿದು ಬಂದಿದೆ. ಎಲ್ಲ ಕಂಪನಿಗಳೂ ಒಂದೇ ರೀತಿ ಇಲ್ಲ. ನಾರ್ವೇಜಿಯನ್ ಕ್ರೂಸ್ ಲೈನ್ 2000ದ ಸುಮಾರಿಗೇ ಕಡ್ಡಾಯದ ಫಾರ್ಮಲ್ ರಾತ್ರಿಗಳನ್ನು ಕೈಬಿಟ್ಟಿತು. ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗಿನಲ್ಲಿ ಇಂದಿಗೂ ಗಾಲಾ ರಾತ್ರಿಗಳಿವೆ. ಉಡುಪು ಬದಲಿಸಲು ಮನಸ್ಸಿಲ್ಲದವರಿಗೆ ಮೇಲಿನ ಡೆಕ್ಕಿನ ಬಫೆ ಸದಾ ತೆರೆದಿರುತ್ತದೆ; ಯಾರೂ ಹಸಿದುಕೊಂಡು ಮಲಗಬೇಕಾಗಿಲ್ಲ.

ನಿಯಮ ಕಾಗದದ ಮೇಲೆ ಇಷ್ಟು ಸರಳ. ಕಷ್ಟವಿರುವುದು ಬಾಗಿಲಿನಲ್ಲಿ.

ನಾನು ಅಸಿಸ್ಟೆಂಟ್ ವೇಟರ್ ಆಗಿದ್ದಾಗ ನಮ್ಮ ಹಾಲಿನ ಬಾಗಿಲಲ್ಲಿ ಪ್ರಯಾಣಿಕರನ್ನು ತಡೆಯುವ ಕೆಲಸವನ್ನು ಎಲ್ಲರಿಗಿಂತ ಕಿರಿಯರಿಗೆ ವಹಿಸುತ್ತಿದ್ದರು. ಹಿರಿಯರು ಒಳಗೆ ನಗುತ್ತ ಸ್ವಾಗತಿಸುತ್ತಿದ್ದರು, ಹೊರಗೆ ನಾವು ‘ಕ್ಷಮಿಸಿ ಸರ್, ಚಡ್ಡಿಯಲ್ಲಿ ಒಳಗೆ ಬಿಡುವಂತಿಲ್ಲ’ ಎನ್ನಬೇಕಿತ್ತು. ಒಂದು ರಾತ್ರಿ ಹೀಗೆ ತಡೆದ ಪ್ರಯಾಣಿಕರೊಬ್ಬರು ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಬೆರಳಿನಿಂದ ತಟ್ಟಿ, ಅದರಲ್ಲಿ ಹೆಸರಿನ ಕೆಳಗೆ ಬರೆದಿದ್ದ ದೇಶದ ಹೆಸರನ್ನು ಜೋರಾಗಿ ಓದಿ, ‘ನನಗೆ ಬಟ್ಟೆ ಹಾಕಿಕೊಳ್ಳುವುದನ್ನು ಕಲಿಸಲು ಅಲ್ಲಿಂದ ಬಂದೆಯಾ?’ ಎಂದರು. ಅಷ್ಟರಲ್ಲಿ ಬಂದ ನಮ್ಮ ಮೇಲಧಿಕಾರಿ ಅವರ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದರು. ಅವರು ಆ ಕಂಪನಿಯಲ್ಲಿ ಹಲವು ಬಾರಿ ಪ್ರಯಾಣಿಸಿದ್ದ ಹಳೆಯ ಗಿರಾಕಿಯಂತೆ. ಐದು ನಿಮಿಷದ ಹಿಂದೆ ಅದೇ ಚಡ್ಡಿಯ ಕಾರಣಕ್ಕೆ ನಾನು ಹಿಂದೆ ಕಳುಹಿಸಿದ್ದ ವಯಸ್ಸಾದ ದಂಪತಿ ಲಿಫ್ಟಿನ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಹೆಡ್ ವೇಟರ್ ಆದ ಮೊದಲ ವಾರವೇ ಬಾಗಿಲಿನ ಕೆಲಸವನ್ನು ನಾನೇ ತೆಗೆದುಕೊಂಡೆ. ‘ಇಲ್ಲ’ ಎನ್ನುವ ಮಾತು ಅಧಿಕಾರವಿರುವವನ ಬಾಯಿಂದ ಬರಬೇಕು. ಬೈಗುಳ ಬಂದರೆ ಅದೂ ಅವನ ಪಾಲಿಗೇ ಬರಬೇಕು. ಬಾಗಿಲಿನಲ್ಲಿ ಹೇಳುವುದಕ್ಕಿಂತ ಮೊದಲೇ ಹೇಳುವುದು ಒಳ್ಳೆಯದೆಂದು, ಹಿಂದಿನ ರಾತ್ರಿ ಸಿಹಿತಿಂಡಿ ಬಡಿಸುವ ಹೊತ್ತಿಗೆ ಪ್ರತಿಯೊಂದು ಟೇಬಲ್ಲಿಗೂ ಹೋಗಿ ‘ನಾಳೆ ಫಾರ್ಮಲ್, ಏನಾದರೂ ತೊಂದರೆ ಇದ್ದರೆ ನನಗೆ ತಿಳಿಸಿ’ ಎನ್ನುತ್ತಿದ್ದೆ. ತೊಂದರೆಗಳು ನಿಜವಾಗಿಯೂ ಇರುತ್ತಿದ್ದವು. ವಿಮಾನದಲ್ಲಿ ಸಾಮಾನು ತಪ್ಪಿಹೋಗಿ ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿದವರು ಹೆಚ್ಚುಕಡಿಮೆ ಪ್ರತಿ ಪ್ರಯಾಣದಲ್ಲೂ ಸಿಗುತ್ತಿದ್ದರು. ಬೆಂಕಿಯ ಭಯದಿಂದ ಕ್ಯಾಬಿನ್ನಿನಲ್ಲಿ ಇಸ್ತ್ರಿಪೆಟ್ಟಿಗೆಗೆ ಅನುಮತಿ ಇಲ್ಲವಾದ್ದರಿಂದ ಸುಕ್ಕುಗಟ್ಟಿದ ಸೂಟಿನೊಂದಿಗೆ ಪೇಚಾಡುವವರೂ ಇರುತ್ತಿದ್ದರು. ಬಾಗಿಲ ಪಕ್ಕದ ಕಪಾಟಿನಲ್ಲಿ ಬೇರೆ ಬೇರೆ ಅಳತೆಯ ಹನ್ನೆರಡು ಕಪ್ಪು ಕೋಟುಗಳನ್ನೂ ಕೆಲವು ಪ್ಯಾಂಟುಗಳನ್ನೂ ಇರಿಸಿಕೊಂಡೆ. ಹಡಗಿನ ಲಾಂಡ್ರಿಯವರು ವಾರಕ್ಕೊಮ್ಮೆ ಒಗೆದು ಕೊಡುತ್ತಿದ್ದರು. ಬಂದವರನ್ನು ಎಲ್ಲರೆದುರು ಅಳೆದು ನೋಡುವ ಬದಲು ಕಪಾಟಿನ ಬದಿಗೆ ಕರೆದು, ಮೆಲುದನಿಯಲ್ಲಿ ಮಾತಾಡಿಸಿ, ಕೋಟನ್ನು ನಾನೇ ತೊಡಿಸುತ್ತಿದ್ದೆ. ದೊಡ್ಡ ಸೂಟ್ ರೂಮಿನವರಿಗೂ, ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನಿನವರಿಗೂ ಒಂದೇ ಮಾತು. ಒಬ್ಬರಿಗೆ ಸಡಿಲಿಸಿದರೆ ಆ ರಾತ್ರಿಯ ಮಟ್ಟಿಗೆ ನಿಯಮವೇ ಸತ್ತಂತೆ.

ಒಂದು ಫಾರ್ಮಲ್ ರಾತ್ರಿ ನಾನು ಒಳಗಿದ್ದಾಗ ಬಾಗಿಲಲ್ಲಿ ಗೊಂದಲವಾಯಿತು. ಹೊಸದಾಗಿ ಬಂದ ಪೂರ್ವ ಯುರೋಪಿನ ಹುಡುಗಿಯೊಬ್ಬಳು ಒಬ್ಬ ಹಿರಿಯರನ್ನು ತಡೆದು ನಿಲ್ಲಿಸಿದ್ದಳು. ಜರಿಯಂಚಿನ ಪಂಚೆ, ಬಿಳಿ ಜುಬ್ಬ, ಹೆಗಲಿಗೆ ಶಲ್ಯ. ಪಕ್ಕದಲ್ಲಿ ಮೈಸೂರು ರೇಷ್ಮೆ ಸೀರೆಯುಟ್ಟ ಅವರ ಹೆಂಡತಿ. ಸೀರೆಯ ಬಗ್ಗೆ ಹುಡುಗಿಗೆ ಅನುಮಾನವಿರಲಿಲ್ಲ. ಪಂಚೆಯನ್ನು ಮಾತ್ರ ಸಮುದ್ರ ತೀರದಲ್ಲಿ ಸುತ್ತಿಕೊಳ್ಳುವ ಬಟ್ಟೆಯೆಂದು ಭಾವಿಸಿದ್ದಳು. ನಾನು ಹೋಗಿ ಕನ್ನಡದಲ್ಲಿ ನಮಸ್ಕಾರ ಹೇಳಿದೆ. ‘ನೀವು ನಮ್ಮ ಕಡೆಯವರೇನಪ್ಪಾ?’ ಎಂದರು ಆಕೆ. ‘ಹೌದಮ್ಮ, ಕುಂದಾಪುರ’ ಎಂದೆ. ಹಿರಿಯರು, ‘ಮಗನ ಮದುವೆಗೆ ಉಟ್ಟದ್ದು ಇದನ್ನೇ, ಇದಕ್ಕಿಂತ ಒಳ್ಳೆಯ ಬಟ್ಟೆ ನನ್ನ ಹತ್ತಿರ ಇಲ್ಲ’ ಎಂದರು. ನಮ್ಮ ನಿಯಮದಲ್ಲಿ ಆಯಾ ದೇಶದ ಸಾಂಪ್ರದಾಯಿಕ ಉಡುಪು ಫಾರ್ಮಲ್ ಉಡುಪಿಗೆ ಸಮ ಎಂಬ ಸಾಲು ಸ್ಪಷ್ಟವಾಗಿತ್ತು, ಆದರೆ ಹುಡುಗಿಗೆ ಅದನ್ನು ಯಾರೂ ತೋರಿಸಿರಲಿಲ್ಲ. ಹೀಗಾಗಿ ತಪ್ಪು ನನ್ನದು. ಮಾರನೆಯ ದಿನ ಸ್ಕಾಟ್ಲೆಂಡಿನವರ ಕಿಲ್ಟ್, ಫಿಲಿಪ್ಪೀನ್ಸಿನ ಬರೋಂಗ್, ನಮ್ಮ ಪಂಚೆ, ಶೇರ್ವಾನಿ, ಆಫ್ರಿಕದ ಉದ್ದನೆಯ ನಿಲುವಂಗಿಗಳ ಚಿತ್ರಗಳನ್ನು ಸಂಗ್ರಹಿಸಿ, ಒಂದು ಹಾಳೆಯ ಮೇಲೆ ಅಂಟಿಸಿ ಎಲ್ಲರಿಗೂ ತೋರಿಸಿದೆ. ಬರೋಂಗ್ ನೋಡಿ ನಮ್ಮ ಫಿಲಿಪಿನೋ ವೇಟರುಗಳ ಮುಖ ಅರಳಿದ ರೀತಿಯೇ ಬೇರೆ.

ಇನ್ನು, ಪ್ರಯಾಣಿಕರ ಕಣ್ಣಿಗೆ ಬೀಳದ ಭಾಗ. ಫಾರ್ಮಲ್ ರಾತ್ರಿ ಎಂದರೆ ಮೆಟ್ಟಿಲುಗಳ ಬಳಿ ಫೋಟೋ ತೆಗೆಸಿಕೊಳ್ಳುವವರ ಸಾಲು, ಲಾಬ್‌ಸ್ಟರ್ ಇರುವ ಉದ್ದನೆಯ ಮೆನು, ಎಲ್ಲರಿಗೂ ನಿಧಾನ. ಆರು ಗಂಟೆಯ ಮೊದಲ ಪಂಕ್ತಿ ತಡವಾದರೆ ಎಂಟೂವರೆಯ ಎರಡನೆಯದೂ ತಡ. ಕೊನೆಯ ಟೇಬಲ್ ಎದ್ದ ಮೇಲೆ ಚಮಚ, ಗ್ಲಾಸುಗಳನ್ನು ಒರೆಸಿ, ಬೆಳಗಿನ ಉಪಾಹಾರಕ್ಕೆ ಟೇಬಲ್ ಸಜ್ಜುಗೊಳಿಸಿ ಹೊರಡುವಾಗ ರಾತ್ರಿ ಹನ್ನೆರಡೂವರೆ. ಮತ್ತೆ ಬೆಳಿಗ್ಗೆ ಆರೂವರೆಗೆ ಹಾಜರಿ, ಏಕೆಂದರೆ ಮರುದಿನ ಹಡಗು ಬಂದರಿನಲ್ಲಿರುತ್ತದೆ, ಪ್ರಯಾಣಿಕರು ಬೇಗ ತಿಂದು ಇಳಿಯುತ್ತಾರೆ. ಹುಡುಗರು ಕೆಳಗಿನ ಡೆಕ್ಕಿನ ಉದ್ದನೆಯ ಓಣಿಯಲ್ಲಿ ಗೋಡೆ ಹಿಡಿದು ನಡೆಯುವುದನ್ನು ನಾನು ನೋಡಿದ್ದೇನೆ. ಅಮೆರಿಕದ ಹೆದ್ದಾರಿಯ ಹೆಸರಿನಲ್ಲಿ ಆ ಓಣಿಯನ್ನು ಎಲ್ಲರೂ ‘ಐ-95’ ಎನ್ನುತ್ತಾರೆ.

ಕಡಲ ಕಾರ್ಮಿಕರ ಒಪ್ಪಂದ, ಅಂದರೆ 2006ರಲ್ಲಿ ಅಂಗೀಕಾರವಾಗಿ 2013ರ ಆಗಸ್ಟ್ 20ರಂದು ಜಾರಿಗೆ ಬಂದ ಎಂ.ಎಲ್.ಸಿ. (ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್), ಈ ವಿಷಯದಲ್ಲಿ ಖಚಿತವಾಗಿದೆ. ಭಾರತ ಅದಕ್ಕೆ ಒಪ್ಪಿಗೆ ನೀಡಿದ್ದು 2015ರಲ್ಲಿ. ಆದರೆ ಹಡಗಿನಲ್ಲಿ ನಡೆಯುವುದು ಅದು ಹಾರಿಸುವ ಧ್ವಜದ ದೇಶದ ಕಾನೂನು. ನಮ್ಮದು ಬಹಾಮಾಸ್ ಧ್ವಜವಾಗಿತ್ತು. ಆ ದೇಶ ಮೊದಲೇ ಒಪ್ಪಿತ್ತು. ವಿಶ್ರಾಂತಿಯ ಗಂಟೆಗಳ ನಿಯಮದ ಪ್ರಕಾರ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಇರಬೇಕು. ಆ ಹತ್ತು ಗಂಟೆಗಳನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ ಆರು ಗಂಟೆಯದಾಗಿರಬೇಕು. ಕೆಲವು ಮೇಲ್ವಿಚಾರಕರು ಎಡವುವುದು, ಇನ್ನು ಕೆಲವರು ತಿಳಿದೂ ಕಣ್ಣು ಮುಚ್ಚುವುದು ಈ ‘ಎರಡು ತುಂಡು’ ಎಂಬಲ್ಲಿ. ರಾತ್ರಿ ಹನ್ನೆರಡೂವರೆಯಿಂದ ಆರೂವರೆ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡೂವರೆಯಿಂದ ಐದು: ಕೂಡಿಸಿದರೆ ಹತ್ತೂವರೆ ಗಂಟೆ ಬರುತ್ತದೆ, ಆದರೆ ತುಂಡುಗಳು ಮೂರು. ಲೆಕ್ಕಕ್ಕೆ ಸಿಗುವುದು ದೊಡ್ಡವೆರಡು ಮಾತ್ರ, ಅಂದರೆ ಎಂಟೂವರೆ ಗಂಟೆ. ಬೆಳಿಗ್ಗೆ ಹತ್ತಕ್ಕೆ ಬೋಟ್ ಡ್ರಿಲ್, ಅಂದರೆ ಅಪಾಯದ ವೇಳೆ ಹಡಗು ಬಿಡುವ ಅಭ್ಯಾಸ, ಇದ್ದರೆ ನಡುವಿನ ಆ ಎರಡು ಗಂಟೆಯೂ ಇಲ್ಲ.

ನಾನು ವೇಟರ್ ಆಗಿದ್ದ ಹಡಗೊಂದರಲ್ಲಿ ಗಂಟೆಗಳು ಹೆಚ್ಚಾದಾಗ ಕಂಪ್ಯೂಟರಿನಲ್ಲಿ ಕೆಂಪು ಬಣ್ಣ ಬರುತ್ತಿತ್ತು, ಮತ್ತು ಮಾರನೆಯ ದಿನ ಮೇಲ್ವಿಚಾರಕರು ನಮ್ಮನ್ನು ಕರೆದು, ತಿದ್ದಿದ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಾನೂ ಸಹಿ ಹಾಕಿದ್ದೇನೆ. ಮನೆಯಲ್ಲಿ ತಂಗಿಯ ಮದುವೆಯ ಸಾಲವಿತ್ತು, ಮುಂದಿನ ಕಾಂಟ್ರಾಕ್ಟ್ ತಪ್ಪಿಹೋದೀತೆಂಬ ಹೆದರಿಕೆ ಇತ್ತು. ನನ್ನ ಕೈಗೆ ಅಧಿಕಾರ ಬಂದಾಗ ತಿದ್ದುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದೆ; ತಿದ್ದಬೇಕಾದ ಸಂದರ್ಭ ಬಾರದಂತೆ ಕೆಲಸ ಹಂಚುವುದೊಂದೇ ದಾರಿಯಾಗಿತ್ತು.

ನಾನು ಮಾಡಿದ್ದು ಇಷ್ಟು. ಫಾರ್ಮಲ್ ರಾತ್ರಿಯ ದಿನ ಹಡಗು ಸಮುದ್ರದ ನಡುವೆ ಇರುವುದರಿಂದ ಮಧ್ಯಾಹ್ನದ ಊಟಕ್ಕೂ ಹಾಲು ತೆರೆದಿರುತ್ತಿತ್ತು. ನನ್ನ ವಿಭಾಗದ ಹುಡುಗರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಬೆಳಗಿನ ಉಪಾಹಾರ ಮತ್ತು ರಾತ್ರಿ, ಇನ್ನೊಂದಕ್ಕೆ ಮಧ್ಯಾಹ್ನ ಮತ್ತು ರಾತ್ರಿ ಕೊಟ್ಟೆ. ಇದರಿಂದ ಯಾರ ವಿಶ್ರಾಂತಿಯೂ ಎರಡು ತುಂಡಿಗಿಂತ ಹೆಚ್ಚಾಗಲಿಲ್ಲ. ರಾತ್ರಿ ಚಮಚ, ಗ್ಲಾಸು ಒರೆಸುವ ಕೆಲಸವನ್ನು ಮರುದಿನ ಸಂಜೆಯ ಹಾಜರಿಯ ಮೊದಲ ಅರ್ಧ ಗಂಟೆಗೆ ಸರಿಸಿದೆ. ಫೋಟೋ ಮುಗಿಸಿ ಇಪ್ಪತ್ತು ನಿಮಿಷಕ್ಕಿಂತ ತಡವಾಗಿ ಬಂದವರನ್ನು ಹಿಂದಕ್ಕೆ ಕಳುಹಿಸದೆ, ಹಾಲಿನಲ್ಲೆಲ್ಲ ಚದುರಿಸಿ ಕೂರಿಸದೆ, ಒಂದೇ ವಿಭಾಗದಲ್ಲಿ ಕೂರಿಸತೊಡಗಿದೆ. ಉಳಿದ ವಿಭಾಗದವರು ಹನ್ನೊಂದಕ್ಕೆಲ್ಲ ಮನೆಗೆ, ಎಂದರೆ ಕ್ಯಾಬಿನ್ನಿಗೆ, ಹೋಗಬಹುದಿತ್ತು. ತಡದ ವಿಭಾಗ ಪ್ರತಿ ಸಲ ಬೇರೆಯವರ ಪಾಲಿಗೆ ಬರುತ್ತಿತ್ತು. ಅವರ ಹೆಸರನ್ನು ಪ್ಯಾಂಟ್ರಿಯಲ್ಲಿ ಅಂಟಿಸುವ ಹಾಳೆಯಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಿದ್ದೆ. ಕೆಂಪು ಹೆಸರಿನವರನ್ನು ಮರುದಿನ ಬೆಳಗಿನ ಹನ್ನೊಂದಕ್ಕೆ ಮುಂಚೆ ಯಾರೂ ಎಬ್ಬಿಸುವಂತಿಲ್ಲ.

ಊಟದ ಹಾಲಿನ ಮುಖ್ಯಸ್ಥರು, ಹಡಗಿನ ಮಾತಿನಲ್ಲಿ ಮೇತ್ರ ಡೀ, ಮೊದಲು ಒಪ್ಪಲಿಲ್ಲ. ಬೆಳಗಿನ ಉಪಾಹಾರಕ್ಕೆ ಜನ ಕಡಿಮೆಯಾಗಿ ಪ್ರಯಾಣಿಕರು ದೂರುತ್ತಾರೆಂಬುದು ಅವರ ಆತಂಕ, ಅದು ನ್ಯಾಯವಾದದ್ದೇ. ನಾನು ಮೂರು ತುಂಡಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ, ಒಂದು ಪ್ರಯಾಣದ ಮಟ್ಟಿಗೆ ಬಿಡಿ ಎಂದೆ. ಆ ವಾರ ಒಬ್ಬೊಬ್ಬರಿಗೆ ಟೇಬಲ್ಲುಗಳು ಹೆಚ್ಚಾದವು, ನಾನೂ ತಟ್ಟೆ ಹೊತ್ತೆ. ವಾರದ ಕೊನೆಗೆ ಪ್ರಯಾಣಿಕರು ಕೊಡುವ ಅಂಕಗಳು ಕುಸಿಯಲಿಲ್ಲ, ಮತ್ತು ಕೈಜಾರಿ ಒಡೆಯುತ್ತಿದ್ದ ಗ್ಲಾಸುಗಳು ಕಡಿಮೆಯಾದದ್ದನ್ನು ಅವರೇ ಗಮನಿಸಿ ಹೇಳಿದರು.

ಹಣದ ಮಾತನ್ನೂ ಹೇಳಬೇಕು. ನನ್ನ ಮೊದಲ ಕಾಂಟ್ರಾಕ್ಟಿನಲ್ಲಿ ಮೂಲ ಸಂಬಳ ತಿಂಗಳಿಗೆ 50 ಡಾಲರ್. ಉಳಿದದ್ದೆಲ್ಲ ಕೊನೆಯ ರಾತ್ರಿ ಪ್ರಯಾಣಿಕರು ಕೊಡುವ ಟಿಪ್ಸ್ ಲಕೋಟೆಯಿಂದ ಬರಬೇಕಿತ್ತು. ಆ ಒಂದು ರಾತ್ರಿ ಮಾತ್ರ ಬಫೆಗೆ ಹೋಗುವ ಕುಟುಂಬಗಳಿದ್ದವು. ಈಗ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಸೇವಾಶುಲ್ಕ ಬಿಲ್ಲಿನಲ್ಲೇ ಸೇರುತ್ತದೆ. ಬೇಡವೆಂದರೆ ಕೌಂಟರಿನಲ್ಲಿ ತೆಗೆಸುವ ಅವಕಾಶವೂ ಹಲವೆಡೆ ಇದೆ. ಬಾಗಿಲಲ್ಲಿ ನಾನು ತಡೆದ ಒಬ್ಬರು ಮಾರನೆಯ ಬೆಳಿಗ್ಗೆ ಅದನ್ನು ತೆಗೆಸಿದರು. ಅದರಿಂದ ಕಡಿತವಾದದ್ದು ನಿಯಮ ಮಾಡಿದ ಕಂಪನಿಯ ಹಣವಲ್ಲ. ಅವರ ಹಾಸಿಗೆ ಸರಿಪಡಿಸಿದ, ಅವರಿಗೆ ತಟ್ಟೆ ಇಟ್ಟ ಹುಡುಗರ ಹಣ. ಇದನ್ನು ಅವರಿಗೆ ಸಿಟ್ಟಿಲ್ಲದೆ, ಸ್ಪಷ್ಟವಾಗಿ ಹೇಳಿದೆ. ಅವರು ಯೋಚಿಸಿ ಸಂಜೆ ಮತ್ತೆ ಸೇರಿಸಿದರು. ನಮ್ಮೂರಿನಿಂದ ಕ್ರೂಸಿಗೆ ಹೊರಡುವವರಿಗೆ ನಾನು ಕೇಳಿಕೊಳ್ಳುವುದು ಇದನ್ನೇ: ನಿಯಮ ಇಷ್ಟವಾಗದಿದ್ದರೆ ಕಂಪನಿಗೆ ಬರೆಯಿರಿ, ಸೇವಾಶುಲ್ಕವನ್ನು ಮುಟ್ಟಬೇಡಿ.

ಕೆಲಸಕ್ಕೆ ಹೊರಡುವ ಹುಡುಗರಿಗೆ ಇನ್ನೊಂದು ಮಾತು. ನನ್ನಿಂದ ಏಜೆಂಟರೊಬ್ಬರು ಕೆಲಸ ಕೊಡಿಸುವುದಕ್ಕೆಂದು ದೊಡ್ಡ ಮೊತ್ತ ಪಡೆದಿದ್ದರು. ಅದನ್ನು ತೀರಿಸಲು ಮೊದಲ ಕಾಂಟ್ರಾಕ್ಟ್ ಪೂರ್ತಿ ಹೋಯಿತು. ಎಂ.ಎಲ್.ಸಿ. ಪ್ರಕಾರ ಕೆಲಸ ಕೊಡಿಸುವುದಕ್ಕೆ ನಾವಿಕರಿಂದ ಶುಲ್ಕ ಪಡೆಯುವಂತಿಲ್ಲ, ಪಾಸ್‌ಪೋರ್ಟ್, ಸಿ.ಡಿ.ಸಿ. (ನಾವಿಕರ ಗುರುತಿನ ಪುಸ್ತಕ), ವೈದ್ಯಕೀಯ ಪ್ರಮಾಣಪತ್ರದಂತಹ ಖರ್ಚು ಮಾತ್ರ ನಮ್ಮದು. ಡೈರೆಕ್ಟೊರೇಟ್ ಜನರಲ್ ಆಫ್ ಶಿಪ್ಪಿಂಗ್ ನೀಡುವ ಆರ್.ಪಿ.ಎಸ್.ಎಲ್., ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿ, ಏಜೆನ್ಸಿಗೆ ಇದೆಯೇ ಎಂದು ನೋಡದೆ ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಡಿ. ಹಡಗು ಹತ್ತಿದಾಗ ದೂರು ನೀಡುವ ಕ್ರಮದ ಒಂದು ಪ್ರತಿಯನ್ನು ನಿಮ್ಮ ಕೈಗೆ ಕೊಡಲೇಬೇಕು. ಕ್ಯಾಪ್ಟನ್‌ಗೆ ನೇರವಾಗಿ ದೂರುವ ಹಕ್ಕೂ ನಿಮಗಿದೆ. ನನ್ನ ವಿಭಾಗಕ್ಕೆ ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಆ ಕಾಗದವನ್ನು ಓದಿಸುತ್ತಿದ್ದೆ.

2022ರಲ್ಲಿ ಸೈನ್ ಆಫ್ ಆಗುವ, ಅಂದರೆ ಕೆಲಸ ಮುಗಿಸಿ ಹಡಗಿನಿಂದ ಇಳಿಯುವ, ಹಿಂದಿನ ದಿನ, ನನ್ನ ಜಾಗಕ್ಕೆ ಬಂದ ಫಿಲಿಪ್ಪೀನ್ಸಿನ ಹೆಣ್ಣುಮಗಳಿಗೆ ಕೋಟಿನ ಕಪಾಟಿನ ಬೀಗದ ಕೈಯನ್ನೂ ಉಡುಪುಗಳ ಚಿತ್ರದ ಹಾಳೆಯನ್ನೂ ಹಿಂದಿನ ಡ್ಯೂಟಿ ಪಟ್ಟಿಗಳನ್ನೂ ಒಪ್ಪಿಸಿದೆ. ಆಕೆ ಪಟ್ಟಿಗಳನ್ನು ತಿರುವಿ ನೋಡಿ, ‘ಕೆಲವು ಹೆಸರುಗಳು ಮಾತ್ರ ಯಾಕೆ ಕೆಂಪು?’ ಎಂದು ಕೇಳಿದಳು. ವಿವರಿಸಿದೆ. ಮೊನ್ನೆಯ ಫಾರ್ಮಲ್ ರಾತ್ರಿಯ ಪಟ್ಟಿಯನ್ನು ಬೇರೆಯಾಗಿ ಮಡಚಿ ತನ್ನ ಜೇಬಿಗೆ ಹಾಕಿಕೊಂಡು, ಮುಂದಿನ ವಾರದ ಖಾಲಿ ಹಾಳೆಯೊಂದನ್ನು ತೆಗೆದುಕೊಂಡಳು. ನನ್ನ ಕೈಲಿದ್ದ ಕೆಂಪು ಪೆನ್ನನ್ನೂ ಕೇಳಿದಳು.