ಮದುವೆಗೆ ಮನೆಯ ಬಿಯರ್: ಸಕ್ಕರೆಯನ್ನು ತೂಗಿ ಹಾಕಿ, ಚಮಚದಲ್ಲಿ ಬೇಡ

ಗೆಳೆಯನೊಬ್ಬ ತನ್ನ ಮದುವೆಗೆ ಬಂದವರಿಗೆಲ್ಲ ತಾನೇ ಮಾಡಿದ ಬಿಯರ್ ಒಂದೊಂದು ಬಾಟಲಿ ಕೊಟ್ಟಿದ್ದ. ಹಂಚಿದವನು ನಾನೇ. ಮೊದಲನೆಯ ಬಾಟಲಿ ತೆರೆದಾಗ ಸದ್ದೇ ಇಲ್ಲ. ಒಳಗಿದ್ದದ್ದು ಬರೀ ತಣ್ಣಗಿನ ಕಹಿ ನೀರು. ಎರಡನೆಯದನ್ನು ತೆರೆದವರ ಹೊಸ ಬಟ್ಟೆಯ ಮೇಲೆ ಅರ್ಧ ಬಾಟಲಿ ನೊರೆ. ಎರಡೂ ಒಂದೇ ಡ್ರಮ್ಮಿನ ಬಿಯರ್, ಒಂದೇ ದಿನ ತುಂಬಿದ್ದು. ಆಮೇಲೆ ಕೇಳಿದರೆ, ಪ್ರತಿ ಬಾಟಲಿಗೂ ಟೀ ಚಮಚದಲ್ಲಿ ಅಂದಾಜಿನ ಮೇಲೆ ಸಕ್ಕರೆ ಹಾಕಿದ್ದನಂತೆ. ಬಿಯರ್‌ನಲ್ಲಿ ಉಳಿದ ಯೀಸ್ಟ್ ಆ ಸಕ್ಕರೆ ತಿಂದೇ ಬಾಟಲಿಯಲ್ಲಿ ಗ್ಯಾಸು ಕಟ್ಟುವುದು.

ಇದೇ ತಪ್ಪನ್ನು ಬೇರೆಯವರೂ ಮಾಡಿದ್ದನ್ನು ಆಮೇಲೆ ನೋಡಿದ್ದೇನೆ. ಬಿಯರ್ ಕುದಿಸುವುದು ಬ್ರಹ್ಮವಿದ್ಯೆಯೇನಲ್ಲ. ಜನ ಎಡವುವುದು ಬಾಟಲಿ ತುಂಬುವಾಗ. ಹಾಗಾಗಿ ಇಲ್ಲಿ ಕುದಿಸುವ ಕತೆ ಚಿಕ್ಕದು, ಬಾಟಲಿಯ ಕತೆ ದೊಡ್ಡದು.

ಎಲ್ಲಕ್ಕಿಂತ ಮೊದಲು ನೀವಿರುವ ಕಡೆಯ ಕಾನೂನು ನೋಡಿಕೊಳ್ಳಿ. ಕೆಲವು ಕಡೆ ಸ್ವಂತಕ್ಕೆ ಮಾಡಿ ಹಂಚಬಹುದು, ಮಾರುವಂತಿಲ್ಲ. ಕೆಲವು ಕಡೆ ಅಬಕಾರಿ ಲೈಸೆನ್ಸ್ ಇಲ್ಲದೆ ಒಂದು ಲೀಟರ್ ಮಾಡಿದರೂ ಅಪರಾಧ. ಮದುವೆ ಮನೆಗೆ ಪೊಲೀಸರು ಅತಿಥಿಗಳಾಗಿ ಬಂದರೆ ಸಾಕು, ಅಲ್ವಾ?

ಹಂತ 1: ದಿನ ಮತ್ತು ಬಾಟಲಿ ಲೆಕ್ಕ ಹಾಕಿ

ಮದುವೆಗೆ 10 ವಾರ ಇರುವಾಗ ಕೆಲಸ ಶುರುವಾಗಬೇಕು. ಹುದುಗಲು 2ರಿಂದ 3 ವಾರ, ಬಾಟಲಿಯಲ್ಲಿ ಗ್ಯಾಸು ಕಟ್ಟಲು 3 ವಾರ, ರುಚಿ ಹದಕ್ಕೆ ಬರಲು ಇನ್ನೆರಡು ವಾರ. ಉಳಿದದ್ದು ಎಡವಟ್ಟುಗಳಿಗೆ. ಎಡವಟ್ಟು ಆಗಿಯೇ ಆಗುತ್ತದೆ.

20 ಲೀಟರ್ ಬಿಯರ್‌ನಿಂದ 330 ಎಂಎಲ್‌ನ 60 ಬಾಟಲಿ ಬರಬೇಕು. ಅದು ಕಾಗದದ ಮೇಲಿನ ಲೆಕ್ಕ. ತಳದ ಗಷ್ಟು ಬಿಟ್ಟು, ಚೆಲ್ಲಿದ್ದು ಬಿಟ್ಟು, ನೀವು ರುಚಿ ನೋಡಿದ್ದು ಬಿಟ್ಟು ಕೈಗೆ ಸಿಗುವುದು 50ರಿಂದ 54. ನೂರು ಜನರಿಗೆ ಕೊಡಬೇಕೆಂದರೆ ಎರಡು ಸಲ ಮಾಡಬೇಕು.

ಇನ್ನೊಂದು ಮಾತು. ಮದುವೆಯ ಬಿಯರ್ ನಿಮ್ಮ ಜೀವನದ ಮೊದಲ ಬಿಯರ್ ಆಗಬಾರದು. ಮೊದಲು ಒಂದು ಸಲ ಮಾಡಿ, ನೀವೇ ಕುಡಿದು ನೋಡಿ.

ಹಂತ 2: ಯಾವ ಬಿಯರ್?

ಬ್ರೌನ್ ಏಲ್ ಅಥವಾ ಪೋರ್ಟರ್ ಮಾಡಿ. ಹಾಪ್ಸ್ (ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹೂವು) ಜಾಸ್ತಿ ಇರುವ ಐಪಿಎ ಎಂಬ ಬಗೆ ಬೇಡವೇ ಬೇಡ. ಅದರ ಘಮ ವಾರದಿಂದ ವಾರಕ್ಕೆ ಇಳಿಯುತ್ತದೆ. ಅತಿಥಿ ಅದನ್ನು ಮನೆಗೆ ಒಯ್ದು ಎರಡು ತಿಂಗಳು ಕಪಾಟಿನಲ್ಲಿ ಇಟ್ಟರೆ ಕಹಿ ಮಾತ್ರ ಉಳಿಯುತ್ತದೆ. ಕಂದು ಬಿಯರ್ ಅಷ್ಟು ಸೂಕ್ಷ್ಮ ಅಲ್ಲ. ಸಣ್ಣಪುಟ್ಟ ತಪ್ಪುಗಳನ್ನೂ ಹುರಿದ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿ ಮುಚ್ಚಿ ಹಾಕುತ್ತದೆ. ಲಾಗರ್‌ಗೆ ವಾರಗಟ್ಟಲೆ ತಂಪು ಬೇಕು. ಅದಕ್ಕೆಂದೇ ಒಂದು ಫ್ರಿಜ್ ಇಲ್ಲದವರು ಆ ಆಸೆ ಬಿಡುವುದು ಒಳ್ಳೆಯದು.

ಹಂತ 3: ಕುದಿಸುವುದು

ಇದು ಸುಲಭ. 10 ಲೀಟರ್ ನೀರನ್ನು 65ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ. ಜಜ್ಜಿದ ಕ್ರಿಸ್ಟಲ್ ಮಾಲ್ಟ್ 250 ಗ್ರಾಂ, ಚಾಕೊಲೆಟ್ ಮಾಲ್ಟ್ 125 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಅದರಲ್ಲಿ ನೆನೆಸಿ ತೆಗೆಯಿರಿ. (ಚಾಕೊಲೆಟ್ ಎನ್ನುವುದು ಬಣ್ಣಕ್ಕೆ ಬಂದ ಹೆಸರು. ಇದು ಕಡುವಾಗಿ ಹುರಿದ ಬಾರ್ಲಿ ಮಾಲ್ಟ್ ಅಷ್ಟೆ.) ಒಲೆ ಆರಿಸಿ, 3 ಕೆ.ಜಿ. ದ್ರವ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟ್‌ನಿಂದ ತೆಗೆದ ಗಟ್ಟಿ ಪಾಕ) ಸುರಿದು ಕಲಕಿ. ಒಲೆ ಉರಿಯುತ್ತಿರುವಾಗ ಸುರಿದರೆ ತಳ ಹಿಡಿಯುತ್ತದೆ. ಪೂರ್ತಿ ಕರಗಿದ ಮೇಲೆ ಮತ್ತೆ ಕುದಿಸಿ, 5 ಶೇಕಡ ಆಲ್ಫಾ ಆಮ್ಲ (ಕಹಿ ಕೊಡುವ ಅಂಶ) ಇರುವ ಹಾಪ್ಸ್ 40 ಗ್ರಾಂ ಹಾಕಿ 60 ನಿಮಿಷ ಬಿಡಿ. ಹಾಪ್ಸ್‌ನ ಕಹಿ ನೀರಿಗೆ ಇಳಿಯಲು ಆ ಒಂದು ಗಂಟೆ ಬೇಕು. ಕುದಿ ಬರುವ ಮೊದಲ ಹತ್ತು ನಿಮಿಷ ಫೋನ್ ಬದಿಗಿಟ್ಟು ಪಾತ್ರೆಯ ಮುಂದೆಯೇ ನಿಲ್ಲಿ. ಹಾಲು ಉಕ್ಕುವಂತೆಯೇ ಉಕ್ಕುತ್ತದೆ, ಒರೆಸುವುದು ಮಾತ್ರ ಹಾಲಿಗಿಂತ ಕಷ್ಟ.

ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಬೇಗ ತಣಿಸಿ. ಹುದುಗುವ ಡ್ರಮ್ಮಿಗೆ ಸುರಿದು, ಕುದಿಸಿ ಆರಿಸಿದ ನೀರು ಸೇರಿಸಿ 20 ಲೀಟರ್ ಮಾಡಿ. 20 ಡಿಗ್ರಿಗೆ ಬಂದ ಮೇಲೆ 11 ಗ್ರಾಂನ ಒಂದು ಪೊಟ್ಟಣ ಒಣ ಏಲ್ ಯೀಸ್ಟ್ ಉದುರಿಸಿ, ಏರ್‌ಲಾಕ್ (ಒಳಗಿನ ಗ್ಯಾಸು ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ನೀರಿನ ಕವಾಟ) ಹಾಕಿ ಮುಚ್ಚಿ. ಬ್ರೆಡ್ ಯೀಸ್ಟ್ ಹಾಕಿದರೆ ನಡೆಯುತ್ತಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹುದುಗುತ್ತದೆ, ಆದರೆ ಕುಡಿಯುವಾಗಲೂ ಬ್ರೆಡ್ಡೇ ನೆನಪಾಗುತ್ತದೆ.

ಹಂತ 4: ಕಾಯುವುದು

ಎರಡು ವಾರ 18ರಿಂದ 20 ಡಿಗ್ರಿಯಲ್ಲಿ ಕತ್ತಲಲ್ಲಿ ಬಿಡಿ. ಮುಚ್ಚಳ ತೆಗೆದು ಇಣುಕಬೇಡಿ.

ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು, ಅಂದರೆ ಹುದುಗಿ ಆಯಿತು ಎಂದು ಬಹಳ ಜನ ತಿಳಿಯುತ್ತಾರೆ. ಮುಚ್ಚಳ ಸಡಿಲವಿದ್ದರೂ ಗುಳ್ಳೆ ನಿಲ್ಲುತ್ತದೆ. ರಾತ್ರಿ ಚಳಿ ಬಿದ್ದರೂ ನಿಲ್ಲುತ್ತದೆ. ನಂಬಬೇಕಾದ್ದು ಹೈಡ್ರೋಮೀಟರನ್ನು ಮಾತ್ರ. ನೀರಿಗೆ ಹೋಲಿಸಿದರೆ ದ್ರವ ಎಷ್ಟು ಸಾಂದ್ರ ಎಂದು ತೋರಿಸುವ ಉಪಕರಣ ಅದು; ಯೀಸ್ಟ್ ಸಕ್ಕರೆ ತಿಂದಂತೆ ಅಂಕಿ ಇಳಿಯುತ್ತದೆ. ಯೀಸ್ಟ್ ಹಾಕುವ ಮೊದಲು ಅದು ಸುಮಾರು 1.045 ತೋರಿಸಿರುತ್ತದೆ. ಕೊನೆಗೆ 1.010ರಿಂದ 1.012ರ ಆಸುಪಾಸಿಗೆ ಇಳಿಯಬೇಕು. ಮುಖ್ಯವಾದ ಮಾತು ಇದು: ಮೂರು ದಿನ ಬಿಟ್ಟು ಮತ್ತೆ ನೋಡಿದಾಗಲೂ ಅದೇ ಅಂಕಿ ಇರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಬಾಟಲಿ ಸಿಡಿಯುವುದರ ಬೇರು ಇಲ್ಲೇ ಇದೆ. 1.010ಕ್ಕೆ ಇಳಿಯಬೇಕಾದ ಬಿಯರನ್ನು 1.014ರಲ್ಲೇ ಬಾಟಲಿಗೆ ತುಂಬಿದಿರಿ ಅಂದುಕೊಳ್ಳಿ. ಉಳಿದ ಸಕ್ಕರೆಯನ್ನು ಯೀಸ್ಟ್ ಬಾಟಲಿಯೊಳಗೆ ತಿಂದು ಮುಗಿಸುತ್ತದೆ. ಆ ನಾಲ್ಕು ಅಂಕಿಯಿಂದಲೇ, ಒಂದು ಲೀಟರ್ ಬಿಯರ್‌ನಲ್ಲಿ ಸುಮಾರು 2 ಲೀಟರ್ ಇಂಗಾಲದ ಡೈಆಕ್ಸೈಡ್ ಹೆಚ್ಚುವರಿಯಾಗಿ ಸೇರುತ್ತದೆ. ನಮಗೆ ಬೇಕಾದ್ದೇ ಒಟ್ಟು 2.4. ಎರಡೂ ಸೇರಿ 4.4 ಆದರೆ ಸಾಮಾನ್ಯ ಬಿಯರ್ ಬಾಟಲಿಯ ಗಾಜು ತಡೆಯುತ್ತದೆ ಎಂಬ ನಂಬಿಕೆ ಬೇಡ. ನಾನಂತೂ 3ರ ಮೇಲೆ ಹೋಗುವುದಿಲ್ಲ.

ಹಂತ 5: ಬಾಟಲಿ ಸಿದ್ಧ ಮಾಡುವುದು

ಕಂದು ಗಾಜಿನ, ಓಪನರ್‌ನಿಂದ ತೆರೆಯುವ ಬಾಟಲಿಗಳೇ ಬೇಕು. ಪಾರದರ್ಶಕ ಬಾಟಲಿ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬಿಸಿಲು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಕೆಟ್ಟ ವಾಸನೆ ಬರುತ್ತದೆ. ಹಸಿರು ಗಾಜೂ ಅದನ್ನು ಸರಿಯಾಗಿ ತಡೆಯುವುದಿಲ್ಲ. ತಿರುಗಿಸಿ ತೆರೆಯುವ ಬಾಟಲಿಗೆ ಕ್ರೌನ್ ಮುಚ್ಚಳ (ಒತ್ತಿ ಕೂರಿಸುವ, ನೆರಿಗೆ ಅಂಚಿನ ಲೋಹದ ಮುಚ್ಚಳ) ಗಟ್ಟಿಯಾಗಿ ಕೂರುವುದಿಲ್ಲ. ಉಡುಗೊರೆ ಅಂಗಡಿಯ ಅಲಂಕಾರದ ಬಾಟಲಿಗಳನ್ನು ಮುಟ್ಟಲೂ ಬೇಡಿ. ಅವು ಒತ್ತಡಕ್ಕೆಂದು ಮಾಡಿದವಲ್ಲ.

ಹಳೇ ಬಾಟಲಿಯಾದರೆ ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಹಳೇ ಲೇಬಲ್ ತಾನೇ ಕಳಚಿ ತೇಲುತ್ತಿರುತ್ತದೆ. ಬ್ರಷ್ ಹಾಕಿ ತೊಳೆದ ಮೇಲೆ ಪ್ರತಿಯೊಂದನ್ನೂ ಬಲ್ಬಿನ ಕಡೆ ಹಿಡಿದು, ಬಾಯಿಯಿಂದ ಒಳಗೆ ನೋಡಿ. ತಳದ ಅಂಚಿನಲ್ಲಿ ತೆಳ್ಳಗೆ ಉಂಗುರದ ಹಾಗೆ ಬೂಷ್ಟು ಕಂಡರೆ ಆ ಬಾಟಲಿ ಎಸೆಯಿರಿ. ಬಾಯಿ ಚೂರಾಗಿದ್ದರೂ ಎಸೆಯಿರಿ. ಒಂದು ಬಾಟಲಿ ಉಳಿಸಲು ಹೋಗಿ ಒಬ್ಬ ಅತಿಥಿಗೆ ಹುಳಿ ಬಿಯರ್ ಕೊಡುವುದು ಯಾವ ಉಳಿತಾಯ?

ತೊಳೆಯುವುದು ಬೇರೆ, ಕ್ರಿಮಿ ತೆಗೆಯುವುದು ಬೇರೆ. ಎರಡೂ ಆಗಬೇಕು. ಮತ್ತೆ ತೊಳೆಯುವ ಅಗತ್ಯವಿಲ್ಲದ, ಫಾಸ್ಫಾರಿಕ್ ಆಮ್ಲದ ಸ್ಯಾನಿಟೈಸರ್ ಸಿಗುತ್ತದೆ. ಅದೇ ಒಳ್ಳೆಯದು. ಅದರ ನೊರೆ ಬಾಟಲಿಯಲ್ಲಿ ಉಳಿದರೂ ತೊಂದರೆಯಿಲ್ಲ. ಬ್ಲೀಚ್ ಬಳಸಿದರೆ ಚೆನ್ನಾಗಿ ತೊಳೆದು ಹೋಗಬೇಕು, ಅದನ್ನು ವಿನೆಗರ್ ಜೊತೆಗಾಗಲಿ ಬೇರೆ ಆಮ್ಲದ ಜೊತೆಗಾಗಲಿ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಪಾತ್ರೆ ತೊಳೆಯುವ ಪರಿಮಳದ ಸೋಪು ಬೇಡ. ಅದರ ಜಿಡ್ಡು ಉಳಿದರೆ ಬಿಯರ್‌ನ ನೊರೆ ನಿಲ್ಲುವುದಿಲ್ಲ.

ಹಂತ 6: ತುಂಬುವ ದಿನ

ಈ ದಿನಕ್ಕೆ ಇಬ್ಬರು ಬೇಕು. ಒಬ್ಬರು ತುಂಬಲು, ಒಬ್ಬರು ಮುಚ್ಚಳ ಒತ್ತಲು. ಸಲಹೆ ಕೊಡಲು ಮೂರನೆಯವರು ಬೇಡ.

ಮೊದಲು ಡ್ರಮ್ಮಿನಲ್ಲಿ ನಿಜಕ್ಕೂ ಎಷ್ಟು ಬಿಯರ್ ಇದೆ ನೋಡಿ. 20 ಅಲ್ಲ, ತಳದ ಗಷ್ಟು ಬಿಟ್ಟು 18 ಲೀಟರ್ ಸಿಗಬಹುದು. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಆಗಲೇ ಸ್ವಲ್ಪ ಗ್ಯಾಸು ಕರಗಿರುತ್ತದೆ. ಇನ್ನು ಬೇಕಾದ್ದಕ್ಕೆ ಲೀಟರ್‌ಗೆ 6 ಗ್ರಾಂ ಸಾದಾ ಸಕ್ಕರೆ ಸಾಕು. 18 ಲೀಟರ್‌ಗೆ 108 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ಕಪ್ಪಿನ ಅಳತೆ, ಕಣ್ಣಳತೆ, ಅಜ್ಜಿಯ ಕೈಯಳತೆ ಯಾವುದೂ ಇಲ್ಲಿ ನಡೆಯುವುದಿಲ್ಲ.

ಆ ಸಕ್ಕರೆಯನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ ಆರಿಸಿ. ಸ್ಯಾನಿಟೈಸ್ ಮಾಡಿದ, ನಲ್ಲಿ ಇರುವ ಬಕೆಟ್ಟಿನ ತಳಕ್ಕೆ ಸುರಿಯಿರಿ. ಡ್ರಮ್ಮಿನಿಂದ ಬಿಯರನ್ನು ಕೊಳವೆಯಲ್ಲಿ ಇದರ ಮೇಲೆ ಇಳಿಸಿ. ಕೊಳವೆಯ ತುದಿ ಬಕೆಟ್ಟಿನ ತಳದಲ್ಲಿ ಒಂದು ಬದಿಗೆ ಬಾಗಿರಲಿ. ಆಗ ಬಿಯರ್ ಸುಳಿ ಸುತ್ತುತ್ತಾ ಏರಿ ಸಕ್ಕರೆ ಪಾಕ ತಾನೇ ಬೆರೆಯುತ್ತದೆ. ಬಾಯಲ್ಲಿ ಎಳೆದು ಕೊಳವೆ ಶುರು ಮಾಡಬೇಡಿ. ಬಾಯಿಯ ಬ್ಯಾಕ್ಟೀರಿಯಾ ಎಲ್ಲಾ ಬಾಟಲಿಗೂ ಹೋಗುತ್ತದೆ.

ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಒಮ್ಮೆ ಉದ್ದನೆಯ ಸೌಟಿನಿಂದ ನಿಧಾನಕ್ಕೆ ತಿರುವಿ. ತಿರುವಿದ ಮೇಲೆ ಮೇಲ್ಭಾಗದಲ್ಲಿ ಗುಳ್ಳೆ ಕಂಡರೆ ಜೋರಾಯಿತು ಅಂತ ಅರ್ಥ. ಈ ಹಂತದಲ್ಲಿ ಗಾಳಿ ಸೇರಿದರೆ ಎರಡು ತಿಂಗಳಲ್ಲಿ ಬಿಯರ್ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ತಿರುವದೇ ಬಿಟ್ಟರೆ ನನ್ನ ಗೆಳೆಯನ ಕತೆ: ಅರ್ಧ ಬಾಟಲಿಗಳು ಸಪ್ಪೆ, ಇನ್ನರ್ಧ ಕಾರಂಜಿ.

ನಲ್ಲಿಗೆ ಬಾಟಲಿ ತುಂಬುವ ಕೋಲು ಸಿಕ್ಕಿಸಿ. ತುದಿ ತಳಕ್ಕೆ ಒತ್ತಿದಾಗ ಮಾತ್ರ ಅದರಿಂದ ಬಿಯರ್ ಹರಿಯುತ್ತದೆ. ಬಾಯಿಯ ಅಂಚಿನವರೆಗೆ ತುಂಬಿಸಿ ಕೋಲು ಎತ್ತಿದರೆ, ಕೋಲು ಹಿಡಿದಿದ್ದ ಜಾಗವೇ ಖಾಲಿ ಉಳಿಯುತ್ತದೆ. ಸುಮಾರು ಎರಡೂವರೆ ಸೆಂ.ಮೀ. ಸರಿಯಾದ ಅಳತೆ ಅದೇ, ಬೇರೆ ಲೆಕ್ಕ ಬೇಡ. ಕೂಡಲೇ ಮುಚ್ಚಳ ಒತ್ತಿ. ಎರಡು ಹಿಡಿಯ ಕೈ ಕ್ಯಾಪರ್ ಹತ್ತು ಬಾಟಲಿಗೆ ಸರಿ. ಐವತ್ತು ಬಾಟಲಿಗೆ ಮೇಜಿನ ಮೇಲೆ ನಿಲ್ಲುವ ಕ್ಯಾಪರನ್ನು ಯಾರಿಂದಲಾದರೂ ಕೇಳಿ ತನ್ನಿ. ಒತ್ತಿದ ಮೇಲೆ ಮುಚ್ಚಳ ಕೈಯಲ್ಲಿ ತಿರುಗಿದರೆ ಅದು ಕೂತಿಲ್ಲ. ತೆಗೆದು ಹೊಸದು ಹಾಕಿ.

ಕೊನೆಯಲ್ಲಿ ಒಂದು ಬಾಟಲಿಯಷ್ಟನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಇದು ನಿಮ್ಮ ಗೂಢಚಾರ. ಮೊದಲ ದಿನ ಅದುಮಿದರೆ ಮೆತ್ತಗಿರುತ್ತದೆ. ದಿನ ಕಳೆದಂತೆ ಗಟ್ಟಿಯಾಗುತ್ತದೆ. ಪೂರ್ತಿ ಕಲ್ಲಿನಂತಾಗಿ ತಳ ಉಬ್ಬತೊಡಗಿದರೆ ಗಾಜಿನ ಬಾಟಲಿಗಳಲ್ಲೂ ಅದೇ ಆಗುತ್ತಿದೆ ಅಂತ ಅರ್ಥ. ಆಗ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ. ಚೆನ್ನಾಗಿ ತಣ್ಣಗಾದ ಮೇಲೆ ಮುಚ್ಚಳ ಚೂರು ಎತ್ತಿ ಗ್ಯಾಸು ಬಿಟ್ಟು ಹೊಸ ಮುಚ್ಚಳ ಹಾಕಿ.

ತುಂಬಿದ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ, 20 ಡಿಗ್ರಿ ಆಸುಪಾಸಿನಲ್ಲಿ ಮೂರು ವಾರ ಇಡಿ. ಅವಸರಕ್ಕೆ ಮೊದಲ ವಾರವೇ ಫ್ರಿಜ್ಜಿಗೆ ಹಾಕಿದರೆ ಯೀಸ್ಟ್ ಮಲಗಿಬಿಡುತ್ತದೆ, ಗ್ಯಾಸು ಕಟ್ಟುವುದಿಲ್ಲ.

ಹಂತ 7: ಲೇಬಲ್

ಕೆಲವರು ಶುರು ಮಾಡುವುದೇ ಇಲ್ಲಿಂದ. ಚಿನ್ನದ ಬಣ್ಣದ ಲೇಬಲ್, ರೇಷ್ಮೆ ರಿಬ್ಬನ್, ಒಳಗೆ ಸಪ್ಪೆ ಬಿಯರ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಲೇಬಲ್ ವಿಷಯದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸಿ ಅಂಟಿಸಿದ್ದೆ. ಐಸಿನ ಟಬ್ಬಿಗೆ ಇಳಿಸಿದ ಸ್ವಲ್ಪ ಹೊತ್ತಿಗೆ ಹುಡುಗ ಹುಡುಗಿಯ ಹೆಸರು ಕರಗಿ ನೀರೆಲ್ಲ ನೀಲಿ. ಲೇಸರ್ ಪ್ರಿಂಟ್ ಹೀಗೆ ಕರಗುವುದಿಲ್ಲ. ಅದನ್ನೇ ಮಾಡಿಸಿ.

ಸ್ಟಿಕ್ಕರ್ ಹಾಳೆಗೆ ದುಡ್ಡು ಸುರಿಯಬೇಡಿ. ಸಾದಾ ಕಾಗದದ ಹಿಂಬದಿಗೆ ಕೆನೆ ತೆಗೆದ ಹಾಲನ್ನು ಬ್ರಷ್‌ನಿಂದ ತೆಳ್ಳಗೆ ಸವರಿ, ಒಣ ಬಾಟಲಿಗೆ ಅಂಟಿಸಿ, ಬಟ್ಟೆಯಿಂದ ಒತ್ತಿ ಒರೆಸಿ. ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ, ವಾಸನೆ ಇರುವುದಿಲ್ಲ. ನೀರಿನಲ್ಲಿ ನೆನೆಸಿದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಅಂದರೆ ಐಸಿನ ಟಬ್ಬಿಗೂ ಅದು ಆಗದು. ಹಾಲಿನ ಲೇಬಲ್ ಹಚ್ಚಿದ ಬಾಟಲಿಯನ್ನು ಫ್ರಿಜ್ಜಿನಲ್ಲೇ ತಣಿಸಿ.

ಲೇಬಲ್ ಮೇಲೆ ಹೆಸರು, ತಾರೀಕು ಹೇಗೂ ಇರುತ್ತದೆ. ಬಾರ್ಲಿ ಇದೆ ಅಂತಲೂ ಬರೆಯಿರಿ, ಗ್ಲೂಟೆನ್ ಆಗದವರು ಇರುತ್ತಾರೆ. ಆಲ್ಕೋಹಾಲ್ ಎಷ್ಟು ಅಂತಲೂ ಹಾಕಿ. ಮೊದಲ ಅಂಕಿಯಿಂದ ಕೊನೆಯ ಅಂಕಿ ಕಳೆದು 131ರಿಂದ ಗುಣಿಸಿದರೆ ಆಯಿತು: 1.045ರಿಂದ 1.010ಕ್ಕೆ ಇಳಿದಿದ್ದರೆ ಸುಮಾರು 4.6 ಶೇಕಡ. ಜೊತೆಗೆ ಒಂದು ಸಾಲು, ದಪ್ಪಕ್ಷರದಲ್ಲಿ: "ತಳದಲ್ಲಿರುವುದು ಯೀಸ್ಟ್. ನಿಧಾನಕ್ಕೆ ಬಗ್ಗಿಸಿ, ಕೊನೆಯ ಗುಟುಕು ಬಾಟಲಿಯಲ್ಲೇ ಬಿಡಿ." ಈ ಸಾಲು ಇಲ್ಲದಿದ್ದರೆ ಗಷ್ಟು ನೋಡಿ ಬಿಯರ್ ಕೆಟ್ಟಿದೆ ಎಂದು ಚೆಲ್ಲುವವರು ಇದ್ದೇ ಇರುತ್ತಾರೆ.

ಹಂತ 8: ಕೈಗೆ ಕೊಡುವುದು

ಕುಡಿಯದವರಿಗೆ ಬೇರೆ ಏನಾದರೂ ಇಟ್ಟಿರಿ. ಅದು ಬಿಯರ್‌ನಷ್ಟೇ ಚೆನ್ನಾಗಿ ಕಟ್ಟಿರಲಿ, ಕೊನೆಗೆ ನೆನಪಾಗಿ ತಂದ ಹಾಗೆ ಕಾಣಬಾರದು. ಬಾಟಲಿಗಳನ್ನು ಬಾಗಿಲಲ್ಲಿ ಸುಮ್ನೆ ಸಾಲಾಗಿ ಇಡಬೇಡಿ, ಮಕ್ಕಳ ಕೈಗೆ ಸಿಗುತ್ತದೆ. ಹೊರಡುವಾಗ ದೊಡ್ಡವರ ಕೈಗೇ ಕೊಡಿ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಬಿಡಬಾರದು ಅಂತಲೂ ಹೇಳಿ ಕಳಿಸಿ.

ಅಲ್ಲೇ ತೆರೆಯುವವರಿದ್ದರೆ ಎರಡು ದಿನ ಮೊದಲೇ ತಣ್ಣಗಿಡಿ, ಗಷ್ಟು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಜಿಗೊಂದು ಓಪನರ್ ದಾರ ಕಟ್ಟಿ ಇಡಿ. ಮೇಜಿನ ಅಂಚಿಗೆ ಮುಚ್ಚಳ ಸಿಕ್ಕಿಸಿ ಮೇಲಿಂದ ಗುದ್ದುವವರು ಪ್ರತಿ ಮದುವೆಯಲ್ಲೂ ಒಬ್ಬರಿರುತ್ತಾರೆ. ಸಾಮಾನ್ಯವಾಗಿ ಮೇಜು ಬಾಡಿಗೆಯದ್ದಾಗಿರುತ್ತದೆ.