ಬಾಗಿಲಿಗೆ ತುಕ್ಕು ಹಿಡಿದಿದೆಯಾ? ಬಣ್ಣಕ್ಕಿಂತ ಮೊದಲು ನೀರಿನ ದಾರಿ ನೋಡಿ

ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ನಮ್ಮ ರಸ್ತೆಗಳಲ್ಲಿ ಅದರ ಓಡಾಟ ಮಾತ್ರ ನಿಂತಿಲ್ಲ. ಎಂಜಿನ್ ಗಟ್ಟಿ, ಬಿಡಿಭಾಗ ಅಗ್ಗ. ಇಂಥ ಕಾರನ್ನು ಕೊನೆಗೆ ತಿನ್ನುವುದು ತುಕ್ಕು, ಅದರಲ್ಲೂ ಬಾಗಿಲಿನ ಕೆಳಗಿನ ಅಂಚಿನಲ್ಲಿ. ಅಂಗೈಯಗಲದ ತುಕ್ಕಾದರೆ ಶನಿವಾರ, ಭಾನುವಾರ ಕೂತು ನೀವೇ ಸರಿ ಮಾಡಬಹುದು.

ಮೊದಲ ಸಲ ನಾನು ಗುಳ್ಳೆ ಎದ್ದ ಜಾಗ ಉಜ್ಜಿ, ಸುಮ್ನೆ ಸ್ಪ್ರೇ ಬಣ್ಣ ಹೊಡೆದಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ! ತುಕ್ಕು ಬರುತ್ತಿದ್ದದ್ದು ಒಳಗಿನಿಂದ.

ಗಾಜಿನ ಪಕ್ಕದ ರಬ್ಬರ್ ದಾಟಿ ಬಾಗಿಲೊಳಗೆ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಹೊಸ ಕಾರಿನಲ್ಲೂ ಅಷ್ಟೇ. ಅದು ಹೊರಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಬಾಗಿಲು ತೆರೆದು, ಬಗ್ಗಿ ನೋಡಿ. ಹಳೇ ಸೈಕಲ್ ಕಡ್ಡಿಯಿಂದ ತಿವಿಯಿರಿ. ನಮ್ಮ ಕಾರಿನಲ್ಲಿ ಕಾಫಿ ಚರಟದಂಥ ಕಪ್ಪು ಕೆಸರು ಬಂತು, ಜೊತೆಗೆ ಕೊಳೆತ ಎಲೆ. ಆಮೇಲೆ ಗಾಜಿನ ಬುಡಕ್ಕೆ ಅರ್ಧ ಚೊಂಬು ನೀರು ಸುರಿಯಿರಿ. ಅದು ತಳದಿಂದ ಸರಾಗವಾಗಿ ಇಳಿಯಬೇಕು. ಬಾಗಿಲು ಪೂರ್ತಿ ಒಣಗುವ ತನಕ ಮುಂದಿನ ಕೆಲಸ ಬೇಡ.

ಈಗ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಲಡ್ಡಾಗಿದ್ದರೆ ದಬ್ ಅನ್ನುತ್ತದೆ. ತುದಿಯಿಂದ ಒತ್ತಿದಾಗ ತೂತೇ ಬಿದ್ದರೆ ಅಲ್ಲಿ ಹೊಸ ತಗಡು ಬೇಕು. ಅದಕ್ಕೆ ಟಿಂಕರಿಂಗ್‌ನವರ ಹತ್ತಿರ ಹೋಗಿ. ತೂತಿನ ಮೇಲೆ ಪುಟ್ಟಿ (ಗುಳಿ ತುಂಬಿ ಸಮ ಮಾಡುವ ಪೇಸ್ಟ್) ಮೆತ್ತಬೇಡಿ, ಅದು ತೇವ ಹೀರುತ್ತದೆ. ಚಾಸಿ, ಸಸ್ಪೆನ್ಷನ್ ಕೂರುವ ಜಾಗದ ತುಕ್ಕೂ ಮನೆ ಕೆಲಸವಲ್ಲ.

ಬರೀ ಮೇಲ್ಮೈ ತುಕ್ಕಾದರೆ ಮಾಸ್ಕ್, ಕನ್ನಡಕ ಹಾಕಿಕೊಂಡು 80 ನಂಬರ್ ಎಮರಿ ಪೇಪರ್‌ನಿಂದ ಉಜ್ಜಿ. ತುಕ್ಕಿನಿಂದ ಒಂದಿಂಚು ಆಚೆವರೆಗೂ ಬೆಳ್ಳಗೆ ತಗಡು ಕಾಣಬೇಕು. ಗುಳಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ, ಹಚ್ಚಿ. ಅದು ಕಪ್ಪಾಗಿ ಕೂರುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ.

ಪುಟ್ಟಿ ಕಲಸುವಾಗ ಎಲ್ಲರೂ ಎಡವುತ್ತಾರೆ. 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಹಾರ್ಡನರ್ (ಪುಟ್ಟಿಯನ್ನು ಗಟ್ಟಿ ಮಾಡುವ ಪೇಸ್ಟ್). ತಕ್ಕಡಿ ಇಲ್ಲವೇ? ನಿಂಬೆಹಣ್ಣಿನಷ್ಟು ಪುಟ್ಟಿಗೆ ಕಡಲೆಕಾಳಿನಷ್ಟು. ಬೇಗ ಆಗಲಿ ಎಂದು ನಾನು ಜಾಸ್ತಿ ಹಾಕಿದೆ. ಬಾಗಿಲಿಗೆ ಹಚ್ಚುವ ಮೊದಲೇ ಹಳೇ ಟೈಲ್ಸಿನ ಮೇಲೆ ಕಲ್ಲಾಯಿತು. ಬಣ್ಣ ಒಂದೇ ಆಗುವ ತನಕ ಕಲಸಿ, ತೆಳ್ಳಗೆ ಎಳೆಯಿರಿ. ಗಟ್ಟಿಯಾದ ಮೇಲೆ 120, ನಂತರ 220 ಪೇಪರ್.

ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಹೊಡೆಯುವ ಕೋಟ್. ಅದು ಒಣಗಿದ ಮೇಲೆ ನೀರು ಚಿಮುಕಿಸುತ್ತಾ 400 ನಂಬರ್ ವಾಟರ್ ಪೇಪರ್. ಬಣ್ಣದ ಅಂಗಡಿಗೆ ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿಕೊಂಡು ಹೋಗಿ. ಕಂಪನಿ ಕೋಡ್ ಒಂದೇ ಆದರೂ ಇಪ್ಪತ್ತು ವರ್ಷ ಬಿಸಿಲು ತಿಂದ ಬಣ್ಣ ಬೇರೆ, ಅಲ್ವಾ? ಮುಚ್ಚಳ ನೋಡಿ ಹೊಂದಿಸಿ ಕೊಡುತ್ತಾರೆ. ಗಾಳಿಯಾಡುವ ಕಡೆ ಮೂರು ತೆಳುವಾದ ಕೋಟ್ ಹೊಡೆಯಿರಿ, ನಡುವೆ ಹತ್ತು ನಿಮಿಷ ಬಿಡುವು ಕೊಡಿ. ದಪ್ಪಗೆ ಹೊಡೆದರೆ ಸೋರುತ್ತದೆ.

ಕೊನೆಗೆ ಮತ್ತೆ ಆ ಸೈಕಲ್ ಕಡ್ಡಿ ತೆಗೆದುಕೊಳ್ಳಿ. ಪುಟ್ಟಿ, ಬಣ್ಣ ಹೋಗಿ ತಳದ ತೂತುಗಳು ಮುಚ್ಚಿರುತ್ತವೆ.