ಎರೆ ಮಣ್ಣಲ್ಲಿ ಮರಳು ಕಂಡರೆ ಹಾರೆ ನಿಲ್ಲಿಸಿ

ಹೋದ ವರ್ಷ ಬೇವಿನ ಸಸಿ ನೆಡಲು ಗುಂಡಿ ತೋಡುವಾಗ ನನ್ನ ಪಿಕಾಸಿ ನೇರ ಹೋಗಿ ನಲ್ಲಿ ಪೈಪಿಗೆ ಬಿತ್ತು. ಅದೂ ನೀರು ಬಿಡುವ ದಿನವೇ! ಅರ್ಧ ಗಂಟೆಯಲ್ಲಿ ಅಂಗಳವೆಲ್ಲ ಕೆಸರು. ಕಲಬುರಗಿಯ ಎರೆ ಮಣ್ಣಿನ ಕೆಸರು ಗೊತ್ತಲ್ಲ, ಕಾಲು ಎತ್ತಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಹೀಗಾಗಿ ಈ ಸಲ ಮಳೆಗಾಲಕ್ಕೆ ಮುಂಚೆ ಇಂಗುಗುಂಡಿ ತೋಡಬೇಕು ಅಂದುಕೊಂಡಾಗ, ಹಾರೆ ಮುಟ್ಟದೆ ಎರಡು ದಿನ ಸುಮ್ನೆ ಅಂಗಳ ನೋಡಿದೆ.

ನಮ್ಮದು ಬೇರೆಯವರಿಂದ ಕೊಂಡ ಹಳೆ ಮನೆ. ನಕ್ಷೆಯಲ್ಲಿ ಗೋಡೆ, ಕಿಟಕಿ ಎಲ್ಲ ಇವೆ, ನೆಲದ ಒಳಗೆ ಏನಿದೆ ಅನ್ನೋದು ಮಾತ್ರ ಇಲ್ಲ. ಹಾಗಾಗಿ ಕಣ್ಣಿಗೆ ಕಾಣುವ ತುದಿಗಳಿಂದಲೇ ಶುರು ಮಾಡಿದೆ. ನಲ್ಲಿ ಮೀಟರ್ ಎಲ್ಲಿದೆ, ಸಂಪ್‌ಗೆ ಪೈಪ್ ಎಲ್ಲಿ ಇಳಿಯುತ್ತದೆ, ಬೋರಿನ ವೈರು ಸ್ಟಾರ್ಟರ್‌ನಿಂದ ಯಾವ ಕಡೆ ಹೊರಟಿದೆ, ಅರ್ಥಿಂಗ್ ಗುಂಡಿ ಎಲ್ಲಿದೆ, ಇಷ್ಟು ನೋಡಿಕೊಂಡೆ. ಒಳಚರಂಡಿ ಸುಲಭ. ಒಂದು ಚೇಂಬರ್‌ನಿಂದ ಇನ್ನೊಂದಕ್ಕೆ ಪೈಪು ಸಾಮಾನ್ಯವಾಗಿ ನೆಟ್ಟಗೇ ಹೋಗುತ್ತದೆ, ದಾರ ಕಟ್ಟಿದರೆ ಸಾಕು. ದಾರದ ಗುಂಟ ರಂಗೋಲಿ ಪುಡಿ ಚೆಲ್ಲಿದೆ. ಅವ್ವ ಹೊರಗೆ ಬಂದು, ‘ಇದೇನ್ ರಂಗೋಲಿ ಹಾಕಿದ್ಯೋ?’ ಅಂದಳು.

ಅಂಗಳದಲ್ಲಿ ಹಾಸಿದ ಶಹಾಬಾದ್ ಫರಸಿ ಕೂಡ ಗುಟ್ಟು ಹೇಳುತ್ತದೆ. ಒಂದು ಸಾಲಿನ ಸಂದಿಗೆ ಮಾತ್ರ ಹೊಸ ಸಿಮೆಂಟ್ ಇದ್ದರೆ, ಆ ಸಾಲನ್ನು ಯಾರೋ ಎಬ್ಬಿಸಿ ಮತ್ತೆ ಕೂರಿಸಿದ್ದಾರೆ ಅಂತಲೇ ಅರ್ಥ. ನಮ್ಮಲ್ಲಿ ಗೇಟಿನಿಂದ ಸಂಪ್‌ವರೆಗೆ ಹಾಗೇ ಇತ್ತು.

ಕರೆಂಟಿನ ವಿಷಯಕ್ಕೆ ಜಾಸ್ತಿ ಹೆದರಿದ್ದೆ, ಹೆದರಲೇಬೇಕು. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಕಂಬದಿಂದ ಮೀಟರ್‌ಗೆ ಬರುವ ಕೇಬಲ್ಲಿನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಯಾಕೆಂದರೆ ಅದು ಸ್ವಿಚ್‌ಗಿಂತ ಹಿಂದಿನದು. ಮನೆಗೆ ಬರುವಂಥ ಕೇಬಲನ್ನು ಮುಕ್ಕಾಲು ಮೀಟರ್ ಆಳದಲ್ಲಿ ಹಾಕಬೇಕು ಅಂತ ಲೆಕ್ಕ. ಹಾಕಿದವರು ಅಷ್ಟು ಅಗೆದಿದ್ದಾರಾ ಅನ್ನೋದು ಬೇರೆ ಮಾತು! 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಅಂತ ಆ್ಯಪ್ ತಂದಿತು. ಅದು ರಸ್ತೆ ಅಗೆಯುವವರಿಗೂ ಕೇಬಲ್, ಪೈಪು ಹಾಕಿದವರಿಗೂ ಸಂಪರ್ಕ ಮಾಡಿಸಲಿಕ್ಕೆ. ನಮ್ಮ ಕಾಂಪೌಂಡಿನ ಒಳಗೆ ನಾವೇ ಹೂತ ಬೋರಿನ ವೈರು ಅದಕ್ಕೆ ಹೇಗೆ ಗೊತ್ತಾಗಬೇಕು? ಗೆಳೆಯನೊಬ್ಬ ಲೋಹ ಹುಡುಕುವ ಯಂತ್ರ ತರುತ್ತೇನೆ ಅಂದ. ಬೇಡ ಅಂದೆ. ಪಿವಿಸಿ ಪೈಪು ಅದಕ್ಕೆ ಸಿಗೋದಿಲ್ಲ.

ಅಗೆಯೋಕೆ ಜೆಸಿಬಿ ಕರೆಸಲಿಲ್ಲ. ಒಬ್ಬ ಕೂಲಿಯವ, ನಾನು, ಸಲಿಕೆ. ಹಾರೆಯನ್ನು ಎತ್ತಿ ಹೊಡೆಯಬಾರದು, ಮಣ್ಣನ್ನು ಕೆರೆದು ತೆಗೆಯಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಯಾರೂ ಮುಟ್ಟದ ಎರೆ ಮಣ್ಣು ಒಂದೇ ಬಣ್ಣ, ಹೆಂಟೆ ಹೆಂಟೆಯಾಗಿ ಏಳುತ್ತದೆ. ಒಂದೂವರೆ ಅಡಿಗೆ ಗುಂಡಿಯ ಒಂದು ಮೂಲೆಯಲ್ಲಿ ಅದು ಪುಡಿಪುಡಿಯಾಯಿತು, ನಡುವೆ ಮೊರಂ ಚೂರು. ಇನ್ನೊಂದು ಗೇಣು ಇಳಿದರೆ ಮರಳು! ಎರೆ ಭೂಮಿಯಲ್ಲಿ ಮರಳು ತಾನಾಗಿ ಎಲ್ಲಿಂದ ಬರಬೇಕು? ಕೂಲಿಯವ ಕೈಯಿಂದ ಸರಿಸಿ, ‘ಸಾಹೇಬ್ರ, ಇಟ್ಟಂಗಿ ಅದಾವ್ರಿ’ ಅಂದ. ಅಡ್ಡಕ್ಕೆ ಜೋಡಿಸಿದ ಇಟ್ಟಂಗಿ ಸಾಲು. ಕೇಬಲಿನ ಮೇಲೆ ಮರಳು ಹಾಕಿ, ಹಾಗೆ ಇಟ್ಟಂಗಿ ಮುಚ್ಚುವ ರೂಢಿ ಉಂಟು. ಇಬ್ಬರೂ ಮೇಲೆ ಬಂದೆವು.

ನನ್ನ ಲೆಕ್ಕದಲ್ಲಿ ಅಲ್ಲಿ ಏನೂ ಇರಬಾರದಿತ್ತು. ಪಕ್ಕದ ಮನೆ ಕಾಕಾನನ್ನು ಕರೆದೆ. ಗೋಡೆ ಮೇಲಿಂದಲೇ ಇಣುಕಿ, ‘ಮೊದ್ಲ ನಿಮ್ಮ ಮೀಟರ್ ಆ ಕಡಿ ಗ್ವಾಡಿಗಿ ಇತ್ತಲ್ಲೋ ತಮ್ಮಾ’ ಅಂದರು. ಎರಡು ದಿನ ನೋಡಿದೆ, ಇವರನ್ನು ಒಂದು ಮಾತು ಕೇಳಲಿಲ್ಲ!

ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿದೆ. ಮರುದಿನ ಲೈನ್‌ಮನ್ ಬಂದು ನೋಡಿದ. ಹಳೆ ಕೇಬಲ್, ಕಂಬದ ಬುಡದಲ್ಲೇ ಕಡಿದುಹೋಗಿತ್ತು, ಕರೆಂಟ್ ಇರಲಿಲ್ಲ. ಆದರೂ ಗುಂಡಿಯನ್ನು ಮೂರು ಅಡಿ ಆಚೆಗೆ ಸರಿಸಿದೆ. ಕಾಂಪೌಂಡ್ ಗೋಡೆಯಿಂದ ಪ್ರತಿ ಪೈಪು, ಕೇಬಲ್ ಎಷ್ಟು ಅಡಿ ಅಂತ ಟೇಪ್ ಹಿಡಿದು ಬರೆದು, ಆ ಹಾಳೆಯನ್ನು ಮೀಟರ್ ಡಬ್ಬಿಯ ಬಾಗಿಲಿಗೆ ಒಳಗಡೆ ಅಂಟಿಸಿದ್ದೇನೆ. ಕಾಕಾ ಅದರ ಫೋಟೋ ಹೊಡೆದುಕೊಂಡು ಹೋದರು.